ಯಾವ ರೈಸ್, ಯಾವ ಮನ್ರೋ, ಯಾವ ವೆಲ್ಲೆಸ್ಲಿ? ಒಂದೇ ಹೆಸರಿನ ದೊಡ್ಡವರನ್ನು ಬಿಡಿಸಿ ಗುರುತಿಸುವ ಬಗೆ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕಿಕೊಂಡು ಅಲೆದವರಿಗೆ ರೈಸ್ ಮೆಮೋರಿಯಲ್ ಚರ್ಚ್ ಗೊತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆಗೆ ನಾನೊಂದು ಬರಹ ಕೊಟ್ಟಿದ್ದೆ. ಅದರಲ್ಲಿ, ನಮ್ಮ ಸಾವಿರಾರು ಶಾಸನಗಳನ್ನು ಅಚ್ಚಿಗೆ ತಂದ ರೈಸ್ ಸಾಹೇಬರ ನೆನಪಿಗೆ ಕಟ್ಟಿದ ಚರ್ಚ್ ಇದು ಅಂತ ಜಂಬದಿಂದ ಬರೆದಿದ್ದೆ. ಸಂಚಿಕೆ ಬಂದು ಹದಿನೈದು ದಿನಕ್ಕೆ ಹಿರಿಯರೊಬ್ಬರ ಫೋನು. ‘ಚೆನ್ನಾಗಿ ಬರ್ದಿದ್ದೀಯ ಕಣಪ್ಪಾ, ಆದ್ರೆ ಅಪ್ಪನ ಚರ್ಚನ್ನ ಮಗನ ಹೆಸರಿಗೆ ಖಾತೆ ಮಾಡ್ಬಿಟ್ಟಿದ್ದೀಯಲ್ಲ’ ಅಂದರು.

ನಾಚಿಕೆ ಆಯಿತು. ಆಮೇಲೆ ನೋಡುತ್ತಾ ಹೋದರೆ ಈ ತಪ್ಪು ನನ್ನೊಬ್ಬನದಲ್ಲ, ಪರೀಕ್ಷೆಯ ಗೈಡುಗಳಲ್ಲಿ, ಊರಿನ ಇತಿಹಾಸದ ಕಿರುಹೊತ್ತಿಗೆಗಳಲ್ಲಿ, ವಾಟ್ಸಾಪಿನಲ್ಲಿ ಸುತ್ತುವ ಬರಹಗಳಲ್ಲಿ ಎಲ್ಲಾ ಕಡೆ ಇದೆ. ಅಡ್ಡಹೆಸರು ಒಂದೇ ಇದ್ದರೆ ಸಾಕು, ಇಬ್ಬರು ಸೇರಿ ಒಬ್ಬರಾಗಿಬಿಡುತ್ತಾರೆ. ಅಲ್ಲಿಂದ ಮುಂದೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪೆನ್ನು, ಹಾಳೆ, ಅರ್ಧ ಗಂಟೆ ಸಾಕು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು: ಹೆಸರನ್ನು ಬದಿಗಿಟ್ಟು ಉಳಿದ ವಾಕ್ಯ ಓದಿ

ನಿಮಗೆ ಅನುಮಾನ ಬಂದ ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳಿ. ಹೆಸರಿನ ಮೇಲೆ ಬೆರಳು ಇಟ್ಟು ಮುಚ್ಚಿ. ಈಗ ಉಳಿದದ್ದರಲ್ಲಿ ಮೂರು ಸಂಗತಿ ಹುಡುಕಿ: ಯಾವ ವರ್ಷ, ಯಾವ ಊರು, ಏನು ಕೆಲಸ. ಈ ಮೂರರಲ್ಲಿ ಎರಡು ಸಿಕ್ಕರೂ ಮನುಷ್ಯ ಸಿಕ್ಕ ಹಾಗೆ. ಒಂದೇ ಸಿಕ್ಕರೆ ನಂಬಬೇಡಿ. ಒಂದೂ ಇಲ್ಲದಿದ್ದರೆ ಆ ವಾಕ್ಯ ಬರೆದವರಿಗೇ ಗೊತ್ತಿಲ್ಲ ಅಂತ ತಿಳಿದುಕೊಳ್ಳಿ, ನೀವು ತಲೆ ಕೆಡಿಸಿಕೊಂಡು ಪ್ರಯೋಜನ ಇಲ್ಲ.

ರೈಸ್ ಮನೆಯಲ್ಲೇ ಇದನ್ನು ಮಾಡಿ ನೋಡೋಣ. ಕನ್ನಡದ ಮಟ್ಟಿಗೆ ನೆನಪಿಡಬೇಕಾದ ರೈಸ್‌ಗಳು ಮೂವರು. ಅಪ್ಪ ಬೆಂಜಮಿನ್ ರೈಸ್, ಲಂಡನ್ ಮಿಷನ್ನಿನ ಪಾದ್ರಿ. 1837ರಲ್ಲಿ ಬೆಂಗಳೂರಿಗೆ ಬಂದು ಐವತ್ತು ವರ್ಷ ಇಲ್ಲೇ ಕೆಲಸ ಮಾಡಿ 1887ರಲ್ಲಿ ತೀರಿಕೊಂಡರು. ಮಗ ಬೆಂಜಮಿನ್ ಲೂಯಿಸ್ ರೈಸ್, ಅಪ್ಪ ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದವರು. ಮೈಸೂರು ಸರ್ಕಾರದಲ್ಲಿ ವಿದ್ಯಾ ಇಲಾಖೆ, ಆಮೇಲೆ ಪ್ರಾಚ್ಯವಸ್ತು ಇಲಾಖೆ. ಮೈಸೂರು ಗೆಜೆಟಿಯರ್, ಹನ್ನೆರಡು ಸಂಪುಟಗಳ ಎಪಿಗ್ರಾಫಿಯಾ ಕರ್ನಾಟಿಕಾ ಎರಡೂ ಇವರ ಕೆಲಸ. ಸುಮಾರು ಒಂಬತ್ತು ಸಾವಿರ ಶಾಸನ ಸಂಗ್ರಹಿಸಿದವರು ಅಂತ ನಾವೆಲ್ಲ ಹೇಳುವುದು ಇವರನ್ನೇ. 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್. ಇವರೂ ಅಪ್ಪನ ಹಾಗೆ ಪಾದ್ರಿ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ಅದು ಮೊದಲು ಬಂದದ್ದು 1915ರಲ್ಲಿ, ತಿದ್ದಿದ ಮುದ್ರಣ 1921ರಲ್ಲಿ.

ಈಗ ‘ರೈಸ್ ಅವರು ಪಂಪನ ಬಗ್ಗೆ ಹೀಗೆ ಹೇಳಿದ್ದಾರೆ’ ಅನ್ನುವ ವಾಕ್ಯ ತೆಗೆದುಕೊಳ್ಳಿ. ಪಂಪನ ವಿಷಯದಲ್ಲಿ ಇಬ್ಬರೂ ಮಾತಾಡಿದ್ದಾರೆ. ಲೂಯಿಸ್ ರೈಸ್ 1898ರಲ್ಲಿ ಪಂಪಭಾರತವನ್ನೇ ಅಚ್ಚು ಹಾಕಿಸಿದರು, ಎಡ್ವರ್ಡ್ ರೈಸ್ ತಮ್ಮ ಚರಿತ್ರೆಯಲ್ಲಿ ಪಂಪನ ಬಗ್ಗೆ ಬರೆದರು. ವಾಕ್ಯದಲ್ಲಿ 1898 ಅಂತಿದ್ದರೆ ಅಣ್ಣ, 1921 ಅಂತಿದ್ದರೆ ತಮ್ಮ. ವರ್ಷವೇ ಇಲ್ಲದಿದ್ದರೆ? ಹೇಳಿದ್ದು ಗ್ರಂಥದ ಮುನ್ನುಡಿಯ ಮಾತೋ, ಕವಿಗಳ ಸಾಲಿನಲ್ಲಿ ಪಂಪನ ಜಾಗ ಎಲ್ಲಿ ಅನ್ನುವ ಮಾತೋ ನೋಡಬೇಕು. ಶಾಸನ, ತಾಮ್ರಪಟ, ರಾಜರ ಕಾಲ ಅಂತ ಬಂದರೆ ಸಾಮಾನ್ಯವಾಗಿ ಅಣ್ಣ. ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಅಂತ ಸಾಹಿತ್ಯವನ್ನು ಹಂಚುವ ಮಾತು ಬಂದರೆ ತಮ್ಮನ ಪುಸ್ತಕ ಮೊದಲು ತೆಗೆಯಿರಿ.

ಚರ್ಚ್ ಯಾರದು ಅಂತ ಈಗ ನಿಮಗೇ ಗೊತ್ತಾಗಿರಬೇಕು. ಪಾದ್ರಿ ಅಪ್ಪನದು.

ಎರಡನೆಯದು: ಗೆರೆ ಎಳೆಯಿರಿ

ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ. ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಗೆರೆ, ಹುಟ್ಟಿದ ವರ್ಷದಿಂದ ಸತ್ತ ವರ್ಷದ ತನಕ. ಮಕ್ಕಳ ಆಟದ ಹಾಗೆ ಕಾಣುತ್ತದೆ, ಆದರೆ ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಇದಕ್ಕೆ ಮನ್ರೋಗಳಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಮಂತ್ರಾಲಯಕ್ಕೆ ಹೋದವರೆಲ್ಲ ಮನ್ರೋ ಕಥೆ ಕೇಳಿರುತ್ತಾರೆ, ಮಠದ ಜಮೀನಿನ ವಿಚಾರಣೆಗೆ ಬಂದ ಸಾಹೇಬನಿಗೆ ರಾಯರು ಬೃಂದಾವನದಿಂದಲೇ ಮಾತಾಡಿದರು ಅನ್ನುವ ಕಥೆ. ಆ ಮನ್ರೋ ಥಾಮಸ್ ಮನ್ರೋ. 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ 1780ರಲ್ಲಿ ಮದ್ರಾಸಿಗೆ ಬಂದವನು. ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆಗೆ ಕಲೆಕ್ಟರ್ ಆಗಿದ್ದ. 1800ರಿಂದ 1807ರ ತನಕ ಬಳ್ಳಾರಿ, ಕಡಪ, ಅನಂತಪುರದ ಸೀಮೆಯನ್ನೆಲ್ಲ ನೋಡಿಕೊಂಡ. 1820ರಲ್ಲಿ ಮದ್ರಾಸಿನ ಗವರ್ನರ್ ಆಗಿ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ರೈತವಾರಿ ಪದ್ಧತಿ ಅಂತ ಪರೀಕ್ಷೆಗೆ ಓದುವುದು ಇವನ ಹೆಸರಿನ ಜೊತೆಗೇ.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಸುತ್ತ ಕುದುರೆ ಸವಾರರು ಮುತ್ತಿಕೊಂಡಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಕೂತವನೊಬ್ಬ ಬಾಯಿಗೆ ಬೆರಳಿಟ್ಟುಕೊಂಡಿದ್ದಾನೆ. ಅವನು ಇಂಗ್ಲಿಷರ ಕರ್ನಲ್ ಬೈಲಿ. 1780ರ ಸೆಪ್ಟೆಂಬರ್ 10ರಂದು ಅವನ ಪಡೆ ಹೈದರನ ಸೈನ್ಯದ ಕೈಗೆ ಸಿಕ್ಕಿ ನುಚ್ಚುನೂರಾದಾಗ, ಸಹಾಯಕ್ಕೆ ಬರಬೇಕಾಗಿದ್ದ ಜನರಲ್ ಕಾಂಚೀಪುರದ ಹತ್ತಿರವೇ ಉಳಿದು ಆಮೇಲೆ ಮದ್ರಾಸಿಗೆ ಹಿಂತಿರುಗಿದ. ಆ ಜನರಲ್ಲೂ ಮನ್ರೋನೇ! ಹೆಕ್ಟರ್ ಮನ್ರೋ. 1726ರಲ್ಲಿ ಹುಟ್ಟಿದವನು. 1764ರಲ್ಲಿ ಬಕ್ಸಾರ್ ಯುದ್ಧ ಗೆದ್ದವನೂ ಇವನೇ.

ಎರಡು ಗೆರೆ ಎಳೆದು ನೋಡಿ. ಬಕ್ಸಾರ್ ಆದಾಗ ಥಾಮಸ್‌ಗೆ ಮೂರು ವರ್ಷ. ಹಾಗಾಗಿ ‘ಬಕ್ಸಾರ್ ಗೆದ್ದ ಮನ್ರೋ ಮುಂದೆ ಬಳ್ಳಾರಿಯಲ್ಲಿ ಕಂದಾಯ ಸರಿಮಾಡಿದ’ ಅಂತ ಯಾರಾದರೂ ಬರೆದರೆ, ಜಗಳ ಬೇಡ, ಗೆರೆ ತೋರಿಸಿ. ಆದರೆ 1780ರಲ್ಲಿ ಇಬ್ಬರೂ ಮದ್ರಾಸ್ ಕಡೆಯೇ ಇದ್ದರು, ಒಬ್ಬ ಜನರಲ್, ಇನ್ನೊಬ್ಬ ಆಗಷ್ಟೇ ಹಡಗು ಇಳಿದ ಹುಡುಗ. ಗೆರೆಗಳು ಹೀಗೆ ಒಂದರ ಮೇಲೊಂದು ಬಂದ ಜಾಗದಲ್ಲಿ ಹುದ್ದೆ ನೋಡಬೇಕು. ಅಷ್ಟು ಸಾಲದು ಅಂತ ಅದೇ ಯುದ್ಧದಲ್ಲಿದ್ದ ಇನ್ನೆಸ್ ಮನ್ರೋ ಎಂಬ ಅಧಿಕಾರಿ ಯುದ್ಧದ ವಿವರವನ್ನೆಲ್ಲ ಪುಸ್ತಕ ಮಾಡಿ 1789ರಲ್ಲಿ ಅಚ್ಚು ಹಾಕಿಸಿದ. ಹೈದರನ ಯುದ್ಧದ ಬಗ್ಗೆ ‘ಮನ್ರೋ ಬರೆಯುತ್ತಾನೆ’ ಅಂತ ಇದ್ದರೆ ಅದು ಈ ಮೂರನೆಯವನು ಆಗಿರುವುದೇ ಜಾಸ್ತಿ.

ಕೇರಳದ ಕಡೆ ಹೋದರೆ ನಾಲ್ಕನೆಯವನು. ತಿರುವಾಂಕೂರಿನ ರೆಸಿಡೆಂಟ್ (ಅರಸರ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ) ಆಗಿ, ಕೆಲವು ವರ್ಷ ದಿವಾನನೂ ಆಗಿದ್ದ ಜಾನ್ ಮನ್ರೋ. ಕೊಲ್ಲಂ ಹತ್ತಿರದ ಮನ್ರೋ ತುರುತ್ತು ಅನ್ನುವ ದ್ವೀಪಕ್ಕೆ ಹೆಸರು ಬಂದದ್ದು ಇವನಿಂದ. ಅಲ್ಲಿಗೆ ಪ್ರವಾಸ ಹೋಗಿ ಫೋಟೋ ಹಾಕಿ ‘ನಮ್ಮ ಮಂತ್ರಾಲಯದ ಮನ್ರೋ’ ಅಂತ ಬರೆದವರನ್ನು ನಾನು ನೋಡಿದ್ದೇನೆ.

ಇನ್ನೂ ಒಂದಿದೆ, ಇದು ಪೂರ್ತಿ ನಮ್ಮ ಲಿಪಿ ತಂದ ಪೇಚು. ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ, 1823ರ ಮನ್ರೋ ಸಿದ್ಧಾಂತ. ಇಂಗ್ಲಿಷಿನಲ್ಲಿ ಅವನ ಹೆಸರಿಗೆ ಎಂ ಆದ ಮೇಲೆ ಓ ಇದೆ, ಕೊನೆಗೆ ಒಂದು ಈ ಇದೆ. ನಮ್ಮ ಥಾಮಸ್‌ಗೆ ಎಂ ಆದ ಮೇಲೆ ಯು. ಇಂಗ್ಲಿಷಿನಲ್ಲಿ ನೋಡಿದರೆ ಬೇರೆ ಬೇರೆ ಹೆಸರು. ಕನ್ನಡಕ್ಕೆ ಬಂದ ತಕ್ಷಣ ಎರಡೂ ‘ಮನ್ರೋ’. ಅದರ ಮೇಲೆ 1823ರಲ್ಲಿ ಥಾಮಸ್ ಮದ್ರಾಸಿನಲ್ಲಿ ಗವರ್ನರ್ ಬೇರೆ, ಅಂದರೆ ವರ್ಷವೂ ಒಂದೇ, ಪಾಪ ಓದುವ ಹುಡುಗರು ಏನು ಮಾಡಬೇಕು? ವಿದೇಶದ ಹೆಸರು ಕನ್ನಡದಲ್ಲಿ ಕಂಡಾಗ ಅದರ ಮೂಲ ಅಕ್ಷರ ಏನು ಅಂತ ಒಮ್ಮೆ ನೋಡಿಕೊಳ್ಳಿ. ಒಂದು ನಿಮಿಷದ ಕೆಲಸ.

ಮೂರನೆಯದು: ಬಿರುದು ಯಾವಾಗ ಬಂತು?

ಇದು ಎಲ್ಲಕ್ಕಿಂತ ಕಷ್ಟದ್ದು. ಹಾಗಾಗಿ ಸ್ವಲ್ಪ ನಿಧಾನ ಮಾಡುತ್ತೇನೆ.

ಹೈಸ್ಕೂಲಿನಲ್ಲಿ ನಾವು ಓದಿದ್ದು ಹೀಗೆ: ಸಹಾಯಕ ಸೈನ್ಯ ಪದ್ಧತಿ ತಂದವನು ಲಾರ್ಡ್ ವೆಲ್ಲೆಸ್ಲಿ. ಇನ್ನೊಂದು ಪಾಠದಲ್ಲಿ, ಶ್ರೀರಂಗಪಟ್ಟಣದ ಯುದ್ಧದಲ್ಲಿ ವೆಲ್ಲೆಸ್ಲಿ ಇದ್ದ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ. ನನ್ನ ತಲೆಯಲ್ಲಿ ಎಷ್ಟೋ ವರ್ಷ ಇವರಿಬ್ಬರೂ ಒಬ್ಬನೇ ಆಗಿದ್ದ. ಇವರು ಅಣ್ಣ ತಮ್ಮ. ಅಣ್ಣ ರಿಚರ್ಡ್ 1798ರಿಂದ 1805ರ ತನಕ ಗವರ್ನರ್ ಜನರಲ್. ತಮ್ಮ ಆರ್ಥರ್ ಸೈನ್ಯದಲ್ಲಿ ಕರ್ನಲ್. ಇನ್ನೊಬ್ಬ ತಮ್ಮ ಹೆನ್ರಿ ಅಣ್ಣನ ಕಾರ್ಯದರ್ಶಿ. 1799ರಲ್ಲಿ ಮೈಸೂರು ರಾಜ್ಯವನ್ನು ಯಾರಿಗೆ ಎಷ್ಟು ಅಂತ ಹಂಚಲು ಒಂದು ಸಮಿತಿ ಮಾಡಿದರಲ್ಲ, ಅದರಲ್ಲಿ ಜನರಲ್ ಹ್ಯಾರಿಸ್ ಜೊತೆಗೆ ಆರ್ಥರ್, ಹೆನ್ರಿ ಇಬ್ಬರೂ ಸದಸ್ಯರು. ಸಮಿತಿ ನೇಮಿಸಿದವನು ರಿಚರ್ಡ್. ಅಂದರೆ ಒಂದೇ ಕಾಗದದಲ್ಲಿ ಒಂದೇ ಮನೆಯ ಮೂವರು. ಸಮಿತಿಯ ಕಾರ್ಯದರ್ಶಿಗಳಲ್ಲಿ ಒಬ್ಬ ಯಾರು ಗೊತ್ತೇ? ಥಾಮಸ್ ಮನ್ರೋ!

ಇಲ್ಲಿ ವರ್ಷ ಒಂದೇ, ಊರು ಒಂದೇ. ಮೊದಲಿನ ಎರಡು ಉಪಾಯವೂ ಕೈಕೊಡುತ್ತವೆ. ಆಗ ಹೆಸರಿನ ಮುಂದೆ ಏನಿದೆ ನೋಡಬೇಕು. ರಿಚರ್ಡ್ ಭಾರತಕ್ಕೆ ಬಂದಾಗ ಅವನ ಹೆಸರು ಲಾರ್ಡ್ ಮಾರ್ನಿಂಗ್ಟನ್. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ಕ್ಕೆ. ಆ ಗೆಲುವಿಗೆ ಮೆಚ್ಚಿ ಅವನನ್ನು ಮಾರ್ಕ್ವೆಸ್ ವೆಲ್ಲೆಸ್ಲಿ ಮಾಡಿದ್ದು ಅದೇ ವರ್ಷದ ಕೊನೆಗೆ. ಹಾಗಾಗಿ 1799ರ ಮೇ ತಿಂಗಳ ಯುದ್ಧದ ಕಾಗದದಲ್ಲಿ ‘ಕರ್ನಲ್ ವೆಲ್ಲೆಸ್ಲಿ’ ಅಂದರೆ ಆರ್ಥರ್, ‘ಮಾರ್ನಿಂಗ್ಟನ್’ ಅಂದರೆ ರಿಚರ್ಡ್. 1800 ದಾಟಿದ ಮೇಲೆ ‘ಲಾರ್ಡ್ ವೆಲ್ಲೆಸ್ಲಿ’ ಅಂದರೆ ರಿಚರ್ಡ್. ‘ಜನರಲ್ ವೆಲ್ಲೆಸ್ಲಿ’ ಅಂದರೆ ಆರ್ಥರ್, 1803ರ ಅಸ್ಸಾಯೆ ಯುದ್ಧ ಗೆದ್ದವನು. ಲಾರ್ಡೂ ಇಲ್ಲ, ಕರ್ನಲ್ಲೂ ಇಲ್ಲ, ಬರೀ ‘ಮಿಸ್ಟರ್ ವೆಲ್ಲೆಸ್ಲಿ’ ಅಂತ ಇದ್ದರೆ ಹೆನ್ರಿ. 1809ರ ಮೇಲೆ ಆರ್ಥರ್ ಹೆಸರೇ ವೆಲ್ಲಿಂಗ್ಟನ್ ಆಗಿಬಿಡುತ್ತದೆ. 1815ರ ವಾಟರ್‌ಲೂ ಪಾಠದಲ್ಲಿ ಬರುವವನು ಅವನೇ.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ತಿರುವು. ಈ ಮನೆಯವರು 1798ರ ಸುಮಾರಿಗೆ ತಮ್ಮ ಹೆಸರಿನ ಕಾಗುಣಿತ ಬದಲಿಸಿಕೊಂಡರು. ಅದಕ್ಕೆ ಮುಂಚೆ ಆರ್ಥರ್ ಸಹಿ ಹಾಕುತ್ತಿದ್ದದ್ದು ವೆಸ್ಲಿ ಅಂತ. 1797ರ ಪತ್ರದಲ್ಲಿ ‘ಕರ್ನಲ್ ವೆಸ್ಲಿ’ ಕಂಡರೆ ಅವನೇ ಇವನು. ಮೈಸೂರು ಸೀಮೆಯಲ್ಲಿ ಕೇಳಿಬರುವ ವೆಸ್ಲಿಯನ್ ಮಿಷನ್ ಮಾತ್ರ ಬೇರೆ. ಅದು ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ಹೆಸರಿನದು.

ಇಷ್ಟೆಲ್ಲ ಯಾಕೆ ಬೇಕು ಅನ್ನುತ್ತೀರಾ? ಅಣ್ಣ ತಮ್ಮ ಅಂತ ಗೊತ್ತಾದರೆ ಕಥೆಯೇ ಬೇರೆ ಕಾಣುತ್ತದೆ. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಕೊಳೆತವನು. ಕೋಟೆ ಗೆದ್ದ ಮೇಲೆ ಊರಿನ ಉಸ್ತುವಾರಿ ಕೊಟ್ಟದ್ದು ಅವನಿಗಲ್ಲ, ಆರ್ಥರ್ ವೆಲ್ಲೆಸ್ಲಿಗೆ. ಅದೇ ಆರ್ಥರ್ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದಿದ್ದ. ಬೇರ್ಡ್ ಸಿಟ್ಟಾದ. ಅಣ್ಣ ಗವರ್ನರ್ ಜನರಲ್ ಅನ್ನುವುದು ಗೊತ್ತಿಲ್ಲದೆ ಓದಿದರೆ ಆ ಸಿಟ್ಟು ಅರ್ಥವೇ ಆಗುವುದಿಲ್ಲ, ಅಲ್ವಾ?

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೂರ್ಣಯ್ಯ ದಿವಾನರಾಗಿದ್ದಾಗ ಕಾವೇರಿಗೆ ಕಟ್ಟಿಸಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆ. ಆರ್ಥರ್ ಆ ಊರಿನಲ್ಲಿ ಇದ್ದವನಲ್ಲವೇ, ಅವನ ಹೆಸರೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಅದು ಆಗಿನ ಗವರ್ನರ್ ಜನರಲ್ ಅಣ್ಣನ ಹೆಸರಿನದು. ಕಟ್ಟಡ, ರಸ್ತೆ, ಸೇತುವೆಗೆ ಇಟ್ಟ ಹೆಸರು ಆ ಊರಿನಲ್ಲಿ ಬಾಳಿದವನದೇ ಆಗಿರಬೇಕು ಅಂತೇನಿಲ್ಲ. ಕಟ್ಟಿಸಿದ ಕಾಲಕ್ಕೆ ಯಾರನ್ನು ಒಲಿಸಿಕೊಳ್ಳಬೇಕಿತ್ತೋ ಅವರ ಹೆಸರೂ ಇರಬಹುದು!

ಊರು, ಹುದ್ದೆ ಎರಡೂ ಒಂದೇ ಆದರೆ?

ಮೈಸೂರು ಹಂಚಿದ ಅದೇ ಸಮಿತಿಯಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅಂತ ಇನ್ನೊಬ್ಬ ಸದಸ್ಯ. ಟಿಪ್ಪುವಿನ ಪತ್ರಗಳನ್ನು ಆಯ್ದು ಇಂಗ್ಲಿಷಿಗೆ ತಂದು 1811ರಲ್ಲಿ ಅಚ್ಚು ಹಾಕಿಸಿದವನು. ಇವನು ಮೊದಲು ಹೈದರಾಬಾದಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ. ಇವನ ನಂತರ ಅದೇ ಊರಿಗೆ ಅದೇ ಹುದ್ದೆಗೆ ಬಂದವನು ಇವನ ಮಲತಮ್ಮ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಖೈರುನ್ನೀಸಾಳನ್ನು ಮದುವೆಯಾದವನು, ಕೋಠಿಯ ರೆಸಿಡೆನ್ಸಿ ಕಟ್ಟಿಸಿದವನು ಈ ತಮ್ಮ. ‘ಹೈದರಾಬಾದಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್’ ಅಂತಷ್ಟೇ ಇದ್ದರೆ ಇಬ್ಬರಿಗೂ ಸರಿಹೊಂದುತ್ತದೆ. ಇಂಥ ಕಡೆ ವರ್ಷ ಬೇಕೇ ಬೇಕು. ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ಅಲ್ಲಿ ರೆಸಿಡೆಂಟ್ ಆಗಿದ್ದವನು ಜೇಮ್ಸ್. 1805ರಲ್ಲಿ ಸತ್ತ, ಹಾಗಾಗಿ 1811ರ ಪುಸ್ತಕ ಅವನದಾಗಲು ಸಾಧ್ಯವೇ ಇಲ್ಲ. ಸಾವಿನ ವರ್ಷ ಇಂಥ ಜಾಗದಲ್ಲಿ ಬಹಳ ಉಪಕಾರಿ.

ನಮ್ಮವರ ವಿಷಯಕ್ಕೆ ಬಂದರೆ

ಹಳೇ ಮೈಸೂರಿನ ಕಡೆ ಅಡ್ಡಹೆಸರು ಅನ್ನುವುದೇ ಕಡಿಮೆ. ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಕೊನೆಗೆ ಸ್ವಂತ ಹೆಸರು. ಹೊರಗಿನವರು, ಅದರಲ್ಲೂ ಗ್ರಂಥಾಲಯದ ಪಟ್ಟಿ ಮಾಡುವವರು, ಕೊನೆಯದನ್ನೇ ಅಡ್ಡಹೆಸರು ಅಂತ ತಿಳಿದು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ‘ನರಸಿಂಹಾಚಾರ್’ ಅಂತ ಹುಡುಕಿ ನೋಡಿ, ಗೊತ್ತಾಗುತ್ತದೆ. ಕವಿಚರಿತೆ ಬರೆದ ಆರ್. ನರಸಿಂಹಾಚಾರ್ಯರು 1860ರಲ್ಲಿ ಹುಟ್ಟಿದವರು. 1906ರಲ್ಲಿ ಲೂಯಿಸ್ ರೈಸ್ ನಿವೃತ್ತರಾದ ಮೇಲೆ ಪ್ರಾಚ್ಯವಸ್ತು ಇಲಾಖೆ ವಹಿಸಿಕೊಂಡವರು. ರೈಸ್ 1889ರಲ್ಲಿ 144 ಶಾಸನಗಳ ಜೊತೆ ತಂದಿದ್ದ ಶ್ರವಣಬೆಳಗೊಳದ ಸಂಪುಟವನ್ನು ಇವರು 1923ರಲ್ಲಿ 500 ಶಾಸನಗಳಿಗೆ ಬೆಳೆಸಿದರು. ಹಾಗಾಗಿ ‘ಶ್ರವಣಬೆಳಗೊಳದ ಇಷ್ಟನೇ ಶಾಸನ’ ಅಂತ ಎಲ್ಲಾದರೂ ಓದಿದರೆ ಯಾವ ಮುದ್ರಣದ ಸಂಖ್ಯೆ ಅಂತಲೂ ನೋಡಿಕೊಳ್ಳಿ.

ಇನ್ನು ಡಿ.ಎಲ್. ನರಸಿಂಹಾಚಾರ್, ಪು.ತಿ. ನರಸಿಂಹಾಚಾರ್. ಒಬ್ಬರು 1906, ಇನ್ನೊಬ್ಬರು 1905. ಗೆರೆ ಎಳೆದರೆ ಇಬ್ಬರದೂ ಹತ್ತಿರ ಹತ್ತಿರ ಒಂದೇ ಕಡೆ ಶುರುವಾಗುತ್ತದೆ. ಇಲ್ಲಿ ಕೆಲಸ ನೋಡಿದರೆ ಮುಗಿಯಿತು. ಶಬ್ದಮಣಿದರ್ಪಣ, ಪಂಪಭಾರತ, ಗ್ರಂಥಸಂಪಾದನೆ ಅಂದರೆ ಡಿ.ಎಲ್. ಮೇಲುಕೋಟೆ, ಗೋಕುಲ ನಿರ್ಗಮನ, ಗೀತನಾಟಕ ಅಂದರೆ ಪು.ತಿ. ಕನ್ನಡದವರು ಈ ತೊಡಕನ್ನು ಎಷ್ಟೋ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಯಾರೂ ‘ನರಸಿಂಹಾಚಾರ್’ ಅನ್ನುವುದೇ ಇಲ್ಲ, ಡಿ.ಎಲ್.ಎನ್., ಪು.ತಿ.ನ. ಅನ್ನುತ್ತಾರೆ, ಅಷ್ಟೇ.

ಕರಾವಳಿಯ ಕಡೆ ನಿಜವಾದ ಅಡ್ಡಹೆಸರೇ ಇದೆ. ಅಲ್ಲಿ ‘ಕಾರಂತರ ಚೋಮನ ದುಡಿ’ ಅಂದರೆ ಯಾವ ಕಾರಂತರು? ಕಾದಂಬರಿ ಆದರೆ ಕೋಟದ ಶಿವರಾಮ ಕಾರಂತರು, 1902ರಿಂದ 1997. ಸಿನಿಮಾ ಆದರೆ ನಿರ್ದೇಶಕರು ಬಿ.ವಿ. ಕಾರಂತರು, 1929ರಿಂದ 2002. ಕೃತಿಯ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಯಕ್ಷಗಾನ, ನಾಟಕ, ಸಿನಿಮಾ ಮೂರಕ್ಕೂ ಇಬ್ಬರೂ ಕೈಹಾಕಿದ್ದರಿಂದ ಕೆಲಸ ನೋಡಿ ಹೇಳುವುದೂ ಕಷ್ಟ. ಇಲ್ಲಿ ಮೊದಲ ಹೆಸರು ಬರೆಯದೆ ಬೇರೆ ದಾರಿ ಇಲ್ಲ. ಅಂದ ಹಾಗೆ ಅಡ್ಡಹೆಸರು ಒಂದೇ ಅಂತ ಇಬ್ಬರನ್ನು ಅಪ್ಪ ಮಗ, ಚಿಕ್ಕಪ್ಪ ಅಂತೆಲ್ಲ ಸೇರಿಸಬೇಡಿ. ಒಂದು ಊರಿನ ಸುತ್ತ ಅದೇ ಹೆಸರಿನ ನೂರು ಮನೆ ಇರುತ್ತವೆ. ನಂಟು ಇದೆ ಅಂತ ಎಲ್ಲಾದರೂ ಬರೆದಿದ್ದರೆ ಮಾತ್ರ ನೀವೂ ಬರೆಯಿರಿ.

ಅರಸರದ್ದು ಸುಲಭ. ಇಮ್ಮಡಿ, ಮುಮ್ಮಡಿ, ನಾಲ್ವಡಿ ಅಂತ ನಮ್ಮಲ್ಲೇ ಚೆಂದದ ಎಣಿಕೆ ಇದೆ. ಜಗನ್ಮೋಹನ ಅರಮನೆ ಮುಮ್ಮಡಿಯವರದು, ಕನ್ನಂಬಾಡಿ ಕಟ್ಟೆ ನಾಲ್ವಡಿಯವರ ಕಾಲದ್ದು. ಬರೀ ಕೃಷ್ಣರಾಜ ಒಡೆಯರು ಅಂತ ಬರೆದರೆ ಸುಮ್ನೆ ಓದುವವರಿಗೆ ತೊಂದರೆ.

ಹುಡುಕುವಾಗ, ಬರೆಯುವಾಗ

ಅಂತರ್ಜಾಲದಲ್ಲಿ ಹುಡುಕುವಾಗ ಅಡ್ಡಹೆಸರು ಒಂದನ್ನೇ ಹಾಕಬೇಡಿ. ಹೆಸರಿನ ಜೊತೆ ಒಂದು ಊರು ಸೇರಿಸಿ: ‘ಮನ್ರೋ ಕೊಲ್ಲಂ’, ‘ಮನ್ರೋ ಬಕ್ಸಾರ್’, ‘ಮನ್ರೋ ಬಳ್ಳಾರಿ’. ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಉತ್ತರದ ಜೊತೆ ಬರುವ ಫೋಟೋವನ್ನು ಮಾತ್ರ ನಂಬಬೇಡಿ. ಫೋಟೋ ಒಬ್ಬರದು, ಕೆಳಗಿನ ಬರಹ ಇನ್ನೊಬ್ಬರದು ಆಗಿರುವುದು ತೀರ ಮಾಮೂಲು. ಚಿತ್ರದ ಕಾಲ ನೋಡಿ. ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕೆ ‘ಹೆಕ್ಟರ್ ಮನ್ರೋ’ ಅಂತ ಹೆಸರಿದ್ದರೆ ನಗಬೇಕು ಅಷ್ಟೇ, ಅವನು ಸತ್ತದ್ದು 1805ರಲ್ಲಿ.

ಎರಡು ಕಡೆ ಒಂದೇ ಮಾತು ಸಿಕ್ಕಿತು ಅಂತ ಸಮಾಧಾನ ಪಡುವುದಕ್ಕೆ ಮುಂಚೆ ಒಬ್ಬರು ಇನ್ನೊಬ್ಬರದನ್ನು ನಕಲು ಹೊಡೆದಿಲ್ಲ ತಾನೇ ಅಂತ ನೋಡಿ. ತಪ್ಪು ಅಕ್ಷರವೂ ಅದೇ ಜಾಗದಲ್ಲಿ ಇದ್ದರೆ ಅದು ಎರಡು ಸಾಕ್ಷಿ ಅಲ್ಲ, ಒಂದೇ.

ನೀವೇ ಬರೆಯುವಾಗ, ಮೊದಲ ಸಲ ಪೂರ್ತಿ ಹೆಸರು, ಕಾಲ, ಕೆಲಸ ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ಟುಬಿಡಿ. ಆಮೇಲೆ ಚಿಕ್ಕದು ಮಾಡುವುದಾದರೆ ಅಡ್ಡಹೆಸರಿಗಲ್ಲ, ಮೊದಲ ಹೆಸರಿಗೆ ಮಾಡಿ. ‘ವೆಲ್ಲೆಸ್ಲಿ’ ಬೇಡ, ‘ಆರ್ಥರ್’ ಅನ್ನಿ. ಇನ್ನೊಂದು, ನಮ್ಮ ಭಾಷೆಯ ಮರ್ಯಾದೆಯೇ ತರುವ ಫಜೀತಿ. ‘ರೈಸ್ ಅವರು ಬೆಂಗಳೂರಿನಲ್ಲಿ ಇದ್ದರು’ ಅಂದರೆ ಒಬ್ಬರೋ ಇಡೀ ಮನೆಯವರೋ ತಿಳಿಯುವುದಿಲ್ಲ, ಯಾಕೆಂದರೆ ಮರ್ಯಾದೆಗೂ ‘ರು’, ಬಹುವಚನಕ್ಕೂ ‘ರು’. ಮನೆಯವರೆಲ್ಲ ಅನ್ನಬೇಕಾದ ಕಡೆ ‘ಮೂವರು ರೈಸ್‌ಗಳು’, ‘ಅಣ್ಣತಮ್ಮಂದಿರು’ ಅಂತ ಬಿಡಿಸಿ ಬರೆಯಿರಿ. (ಮೇಲೆ ನಾನು ರೈಸ್‌ಗಳನ್ನು ಅವರು ಅಂತ, ವೆಲ್ಲೆಸ್ಲಿಗಳನ್ನು ಅವನು ಅಂತ ಬರೆದದ್ದು ಗಮನಿಸಿರಬೇಕು. ಶಾಸನ ಓದಿಸಿದವರಿಗೂ ಕೋಟೆ ಒಡೆದವರಿಗೂ ಒಂದೇ ಮರ್ಯಾದೆ ಕೊಡಲು ನನ್ನ ಕೈ ಏಳಲಿಲ್ಲ.)

ಬರೆದು ಮುಗಿದ ಮೇಲೆ ಒಂದು ಪರೀಕ್ಷೆ. ಇನ್ನೊಬ್ಬನ ಮೊದಲ ಹೆಸರನ್ನು ನಿಮ್ಮ ವಾಕ್ಯದಲ್ಲಿ ಹಾಕಿ ಓದಿ. ‘1804ರ ಸೇತುವೆಗೆ ಹೆಸರು ಕೊಟ್ಟ ಗವರ್ನರ್ ಜನರಲ್ ಆರ್ಥರ್’ ಅಂದಾಗ ವಾಕ್ಯ ತಕ್ಷಣ ಮುರಿದು ಬೀಳಬೇಕು. ಬೀಳದೆ ಆರಾಮಾಗಿ ಓದಿಸಿಕೊಂಡರೆ ನಿಮ್ಮ ವಾಕ್ಯದಲ್ಲಿ ಗುರುತು ಸಾಲದು, ಇನ್ನೊಂದು ವಿವರ ಸೇರಿಸಿ.

ಈ ಪರೀಕ್ಷೆ ನಾನು ಕಲಿತದ್ದು ತಡವಾಗಿ. ಆ ಸ್ಮರಣ ಸಂಚಿಕೆಯವರಿಗೆ ತಿದ್ದುಪಡಿ ಕಳಿಸಿದೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ ಅಂದರು, ಹಾಕಿದರು ಕೂಡ. ಜಾಗ ಕಡಿಮೆ ಅಂತ ಹೆಸರನ್ನು ಚಿಕ್ಕದು ಮಾಡಿದ್ದರು: ‘ಚರ್ಚ್ ಇರುವುದು ಬಿ. ರೈಸ್ ಅವರ ನೆನಪಿಗೆ ಎಂದು ಓದಿಕೊಳ್ಳಬೇಕು.’ ಅಪ್ಪ ಬೆಂಜಮಿನ್, ಮಗನೂ ಬೆಂಜಮಿನ್. ಹಿರಿಯರು ಮತ್ತೆ ಫೋನು ಮಾಡಿದರು.